ಹಳೆಯ ಕ್ಯಾಮೆರಾ: ಕೆಡುವುದೇನು, ಉಳಿಯುವುದೇನು

ನಲವತ್ತು ಐವತ್ತು ವರ್ಷ ಹಳೆಯ ಕ್ಯಾಮೆರಾವೊಂದರ ಹಿಂಬಾಗಿಲು ತೆರೆದು, ಬಾಗಿಲಿನ ಅಂಚು ಕೂರುವ ಸಪೂರ ಕಾಲುವೆಯಲ್ಲಿ ಬೆರಳಾಡಿಸಿ ನೋಡಿ. ಕಪ್ಪಗಿನ ಅಂಟು ಹತ್ತುತ್ತದೆ. ಬಿಸಿಲಿಗೆ ಕರಗಿದ ಡಾಂಬರಿನ ಹಾಗೆ ಅದು ಒರೆಸಿದಷ್ಟೂ ಹರಡುತ್ತದೆ, ಒರೆಸಿದ ಬಟ್ಟೆಯನ್ನೂ ಬಿಡುವುದಿಲ್ಲ. ‘ಒಳಗೆಲ್ಲ ಕೊಳೆತುಹೋಗಿದೆ’ ಎಂದುಕೊಂಡು ಎಷ್ಟೋ ಮಂದಿ ಅಲ್ಲಿಗೇ ಬಾಗಿಲು ಮುಚ್ಚಿ, ಕ್ಯಾಮೆರಾವನ್ನು ಮತ್ತೆ ಅಟ್ಟಕ್ಕೆ ಸೇರಿಸುತ್ತಾರೆ.

ಕೊಳೆತಿರುವುದು ಕ್ಯಾಮೆರಾ ಅಲ್ಲ. ಬೆಳಕು ಒಳನುಗ್ಗದಿರಲೆಂದು ಕಾರ್ಖಾನೆಯಲ್ಲಿ ಅಂಟಿಸಿದ್ದ, ಒಂದೆರಡು ಮಿಲಿಮೀಟರ್ ದಪ್ಪದ ಫೋಮ್ ಮಾತ್ರ. ಹಳೆಯ ಕ್ಯಾಮೆರಾ ಕೈಗೆತ್ತಿಕೊಳ್ಳುವವರು ಮೊದಲು ತಿಳಿಯಬೇಕಾದ ಸಂಗತಿ ಇದೇ. ಹಿತ್ತಾಳೆ, ಉಕ್ಕು, ಗಾಜು ಇವು ಐವತ್ತು ವರ್ಷಕ್ಕೆ ಸುಲಭವಾಗಿ ಮುಪ್ಪಾಗುವುದಿಲ್ಲ. ಮುಪ್ಪಾಗುವುದು ಅವುಗಳ ನಡುವಿನ ಮೆತ್ತನೆಯ, ಜಿಡ್ಡಿನ, ಅಂಟಿನ ಪದಾರ್ಥಗಳು: ಫೋಮ್, ಗ್ರೀಸು, ಗೋಂದು, ಬ್ಯಾಟರಿ. ಇವುಗಳ ಜೊತೆಗೆ ಮಳೆಗಾಲದಲ್ಲಿ ಗಾಜಿನ ಮೇಲೆ ಬೆಳೆಯುವ ಫಂಗಸ್. ಈ ಐದನ್ನು ಗುರುತಿಸಲು, ನಿಭಾಯಿಸಲು ಕಲಿತರೆ ಸತ್ತಿದೆ ಎಂದುಕೊಂಡ ಬಹುಪಾಲು ಕ್ಯಾಮೆರಾಗಳನ್ನು ಮನೆಯ ಮೇಜಿನ ಮೇಲೆಯೇ ಮತ್ತೆ ಕೆಲಸಕ್ಕೆ ಹಚ್ಚಬಹುದು. ಅದರಾಚೆಗಿನ ಕೆಲಸ ಯಾವುದು, ಎಲ್ಲಿ ಕೈ ಹಿಂತೆಗೆಯಬೇಕು ಎಂಬುದನ್ನು ತಿಳಿಯುವುದೂ ಈ ಕಲಿಕೆಯ ಭಾಗವೇ.

ನಮ್ಮ ಮನೆಗಳ ಕ್ಯಾಮೆರಾಗಳು

ಕರ್ನಾಟಕದ ಹಳೆಯ ಮನೆಗಳಲ್ಲಿ ಸಿಗುವ ಕ್ಯಾಮೆರಾಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಆಗ್ಫಾ ಕ್ಲಿಕ್ 3ರಂಥ ಸರಳ ಡಬ್ಬಿ ಕ್ಯಾಮೆರಾ. ವಡೋದರದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸುತ್ತಿದ್ದ ಇದು 120 ಅಳತೆಯ ರೋಲಿನಲ್ಲಿ ಹನ್ನೆರಡು ಚೌಕ ಚಿತ್ರಗಳನ್ನು ಕೊಡುತ್ತಿತ್ತು. ಕುಟುಂಬದ ಆಲ್ಬಮ್ಮುಗಳಲ್ಲಿರುವ ಎಷ್ಟೋ ಕಪ್ಪು ಬಿಳುಪು ಚಿತ್ರಗಳು ಇದರ ಒಂಟಿ ಮಸೂರದಿಂದ ಬಂದಂಥವು. ಎರಡನೆಯದು ಸ್ಟುಡಿಯೊದವರೂ ಮದುವೆ ಫೋಟೊದವರೂ ಎದೆಮಟ್ಟದಲ್ಲಿ ಹಿಡಿದು ತಲೆಬಾಗಿಸಿ ನೋಡುತ್ತಿದ್ದ, ಎರಡು ಲೆನ್ಸುಗಳ ಯಾಶಿಕಾ ಮ್ಯಾಟ್ ಜಾತಿಯದು. ಮೂರನೆಯದು ಲೆನ್ಸಿನ ಹಿಂದಿನ ಕನ್ನಡಿಯ ಮೂಲಕ ನೋಡುವ, 35 ಮಿಲಿಮೀಟರ್ ಫಿಲ್ಮಿನ ಎಸ್‌ಎಲ್‌ಆರ್: ನಿಕಾನ್, ಕ್ಯಾನನ್, ಪೆಂಟಾಕ್ಸ್, ರಷ್ಯಾದ ಜೆನಿಟ್.

ಈ ನಾಡಿನಲ್ಲಿ ಛಾಯಾಗ್ರಹಣದ ಹುಚ್ಚು ಹಳೆಯದು. ಮೈಸೂರಿನ ಟಿ.ಎಸ್. ಸತ್ಯನ್ ಸಾಮಾನ್ಯ ಜನರ ಬದುಕನ್ನು ಚಿತ್ರಿಸಿ ಜಗತ್ತಿನ ದೊಡ್ಡ ಪತ್ರಿಕೆಗಳಲ್ಲಿ ಹೆಸರು ಮಾಡಿದರು. ಮಳೆ ಹಿಡಿದರೆ ಬಿಡದ ಮೂಡಿಗೆರೆಯಲ್ಲಿ ಕೂತು ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಬೆನ್ನು ಹತ್ತಿದರು. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಹವ್ಯಾಸಿಗಳನ್ನು ಬೆಳೆಸುತ್ತ ಬಂದಿದೆ. ಮೈಸೂರಿನಿಂದ ಘಾಟಿ ಹತ್ತಿದರೆ ಸಿಗುವ ಊಟಿಯಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ‘ಇಂದು’ ಹೆಸರಿನ ಫಿಲ್ಮ್ ತಯಾರಿಸುತ್ತಿತ್ತು. ಆ ಕಾರ್ಖಾನೆ ಈಗಿಲ್ಲ. ಕ್ಯಾಮೆರಾಗಳು ಮಾತ್ರ ಬೀರುಗಳಲ್ಲಿ, ಅಟ್ಟಗಳಲ್ಲಿ, ಚರ್ಮದ ಚೀಲದೊಳಗೆ ಇನ್ನೂ ಇವೆ.

ಇಲ್ಲಿ ಉದಾಹರಣೆಗೆ ಪೆಂಟಾಕ್ಸ್ ಕೆ1000 ಆರಿಸಿಕೊಂಡಿದ್ದೇನೆ. 1976ರಿಂದ 1997ರವರೆಗೆ, ಎರಡು ದಶಕಗಳ ಕಾಲ ಹೆಚ್ಚು ಬದಲಾವಣೆಯಿಲ್ಲದೆ ತಯಾರಾದ ಕ್ಯಾಮೆರಾ ಇದು. ಜಗತ್ತಿನಾದ್ಯಂತ ಫೋಟೊಗ್ರಫಿ ತರಗತಿಗಳಿಗೆ ಇದೇ ಪಠ್ಯವಾಗಿತ್ತು. ಇದರ ಶಟರ್ ಪೂರ್ತಿ ಯಾಂತ್ರಿಕ. ಸ್ಪ್ರಿಂಗು, ಹಲ್ಲುಚಕ್ರ, ರಬ್ಬರು ಲೇಪಿಸಿದ ಬಟ್ಟೆಯ ಎರಡು ಪರದೆ, ಇಷ್ಟೇ. ಒಂದು ಸೆಕೆಂಡಿನಿಂದ ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗಿನ ಎಲ್ಲ ವೇಗಗಳೂ ಬ್ಯಾಟರಿ ಇಲ್ಲದೆ ನಡೆಯುತ್ತವೆ. ಬ್ಯಾಟರಿ ಬೇಕಾಗುವುದು ಬೆಳಕಿನ ಮೀಟರಿನ ಮುಳ್ಳನ್ನು ಆಡಿಸಲು ಮಾತ್ರ. ಮನೆಯಲ್ಲಿ ಕೈಯಾಡಿಸಿ ಕಲಿಯಲು ಇದಕ್ಕಿಂತ ಸೌಮ್ಯವಾದ ಕ್ಯಾಮೆರಾ ನನಗೆ ಗೊತ್ತಿಲ್ಲ.

ಬಿಚ್ಚುವ ಮೊದಲು ತಪಾಸಣೆ

ಸ್ಕ್ರೂಡ್ರೈವರ್ ಹುಡುಕುವ ಮೊದಲು ಕ್ಯಾಮೆರಾವನ್ನು ಕಣ್ಣಿಂದ, ಕಿವಿಯಿಂದ ಪರೀಕ್ಷಿಸಬೇಕು. ಒಳಗೆ ಫಿಲ್ಮ್ ಇದೆಯೇ ನೋಡಿ. ರಿವೈಂಡ್ ಗುಬುಟನ್ನು ಮೆಲ್ಲಗೆ ತಿರುಗಿಸಿದಾಗ ಬಿಗಿ ಸಿಕ್ಕರೆ ರೋಲು ಒಳಗೇ ಇದೆ ಎಂದರ್ಥ. ಅದನ್ನು ಸುತ್ತಿ ಹೊರತೆಗೆದು ಜೋಪಾನ ಮಾಡಿ. ಮರೆತುಹೋದ ಮನೆಯ ಚಿತ್ರಗಳು ಅದರಲ್ಲಿರಬಹುದು.

ಆಮೇಲೆ ಲೆನ್ಸ್ ಬಿಚ್ಚಿ, ಹಿಂಬಾಗಿಲು ತೆರೆದು, ಕ್ಯಾಮೆರಾವನ್ನು ಬೆಳಕಿನ ಗೋಡೆಯತ್ತ ಹಿಡಿದು ಹಿಂದಿನಿಂದ ನೋಡುತ್ತ ಪ್ರತಿ ವೇಗದಲ್ಲೂ ಶಟರ್ ಒತ್ತಿ. ಚೌಕಟ್ಟಿನ ಒಂದು ಬದಿ ಕಪ್ಪಗೆ ಉಳಿದರೆ ಹಿಂದಿನ ಪರದೆ ಮುಂದಿನ ಪರದೆಯನ್ನು ಹಿಡಿದುಬಿಡುತ್ತಿದೆ ಎಂದು ತಿಳಿಯಬೇಕು. ಇದು ಹೆಚ್ಚಾಗಿ 1/1000ರಲ್ಲಿ ಮೊದಲು ಕಾಣುತ್ತದೆ. ನಿಧಾನದ ವೇಗಗಳನ್ನು ಕಿವಿಯೇ ಅಳೆಯಬಲ್ಲದು. ಒಂದು ಸೆಕೆಂಡಿಗೆ ಇಟ್ಟಾಗ ಸಣ್ಣ ಗಡಿಯಾರ ಓಡಿದಂಥ ಕಿರ್‍ರೆನ್ನುವ ಸದ್ದು ಬಂದು, ಒಂದು ಸೆಕೆಂಡಿಗೆ ನಿಲ್ಲಬೇಕು. ಮೊಬೈಲಿನಲ್ಲಿ ಸದ್ದು ಮುದ್ರಿಸಿಕೊಂಡು, ಧ್ವನಿಯ ಅಲೆಯನ್ನು ತೋರಿಸುವ ಆ್ಯಪಿನಲ್ಲಿ ತೆರೆಯುವ ಸದ್ದಿಗೂ ಮುಚ್ಚುವ ಸದ್ದಿಗೂ ಇರುವ ಅಂತರ ನೋಡಿದರೆ 1/30ರವರೆಗಿನ ವೇಗಗಳ ಲೆಕ್ಕ ಸಾಕಷ್ಟು ಚೆನ್ನಾಗಿ ಸಿಗುತ್ತದೆ. ಅದಕ್ಕಿಂತ ಚುರುಕಾದ ವೇಗಗಳಿಗೆ ಈ ಉಪಾಯ ನೆಚ್ಚುವಂಥದ್ದಲ್ಲ.

ಕತ್ತಲೆ ಕೋಣೆಯಲ್ಲಿ ಲೆನ್ಸಿನ ಜಾಗದಿಂದ ಸಣ್ಣ ಟಾರ್ಚು ಬಿಟ್ಟು ಬಟ್ಟೆಯ ಪರದೆಯನ್ನು ಹಿಂದಿನಿಂದ ನೋಡಿ. ಎಸ್‌ಎಲ್‌ಆರ್ ಆದರೆ ಕನ್ನಡಿಯನ್ನು ಅಂಚಿನಿಂದಷ್ಟೇ ಮೆಲ್ಲಗೆ ಮೇಲೆತ್ತಿ ಹಿಡಿಯಬೇಕು. ಸೂಜಿಮೊನೆಯಷ್ಟು ತೂತಿದ್ದರೂ ನಕ್ಷತ್ರದಂತೆ ಹೊಳೆಯುತ್ತದೆ. ಲೆನ್ಸಿನೊಳಗೂ ಟಾರ್ಚು ಹಾಯಿಸಿ: ಜೇಡರ ಬಲೆಯಂಥ ಕವಲೊಡೆದ ಎಳೆಗಳಿದ್ದರೆ ಫಂಗಸ್, ಒಂದೇ ಸಮನೆ ಮಸುಕಿದ್ದರೆ ಗ್ರೀಸಿನ ಆವಿ ಕೂತದ್ದು. ಬಿಡಿ ಬಿಡಿ ಚುಕ್ಕೆಗಳಿದ್ದರೆ ಅದು ಬರೀ ದೂಳು. ದೂಳು ಚಿತ್ರಕ್ಕೆ ತೊಂದರೆ ಮಾಡುವುದಿಲ್ಲ, ಅದಕ್ಕಾಗಿ ಲೆನ್ಸ್ ಬಿಚ್ಚಬೇಕಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಒಳಗೇ ಫ್ಲಾಶ್ ಇರುವ ಪುಟ್ಟ ಆಟೊಮ್ಯಾಟಿಕ್ ಕ್ಯಾಮೆರಾಗಳನ್ನು ಮನೆಯಲ್ಲಿ ಬಿಚ್ಚಬೇಡಿ. ಅವುಗಳ ಕೆಪಾಸಿಟರ್ ಸುಮಾರು 300 ವೋಲ್ಟ್ ಹಿಡಿದಿಟ್ಟುಕೊಳ್ಳುತ್ತದೆ, ಬ್ಯಾಟರಿ ತೆಗೆದ ಮೇಲೂ ಅದು ಉಳಿದಿರಬಹುದು. ಈ ಲೇಖನದ ಮಾತೆಲ್ಲ ಫ್ಲಾಶ್ ಹೊರಗಿರುವ ಯಾಂತ್ರಿಕ ಕ್ಯಾಮೆರಾಗಳದ್ದು.

ಬೇಕಾದ ಸಾಮಾನು

ಪಟ್ಟಿ ಉದ್ದವಿಲ್ಲ. ಕೈಯಲ್ಲಿ ಹಿಚುಕಿ ಗಾಳಿ ಬಿಡುವ ರಬ್ಬರ್ ಬ್ಲೋವರ್, ಮೆತ್ತನೆಯ ಕುಂಚ, ಮೈಕ್ರೊಫೈಬರ್ ಬಟ್ಟೆ, ಲೆನ್ಸ್ ಒರೆಸುವ ಕಾಗದ, ಇಯರ್‌ಬಡ್, ಬಿದಿರಿನ ಹಲ್ಲುಕಡ್ಡಿ, ಮೊನಚಾದ ಚಿಮಟ, ಐಸೊಪ್ರೊಪೈಲ್ ಆಲ್ಕೋಹಾಲ್. ಸಿಗರೇಟ್ ಲೈಟರಿಗೆ ತುಂಬುವ ದ್ರವದ ಒಂದು ಡಬ್ಬಿಯೂ ಇರಲಿ. ಇವೆರಡೂ ಬೇಗ ಹೊತ್ತಿಕೊಳ್ಳುವ ದ್ರವಗಳು. ಕಿಟಕಿ ತೆರೆದಿಟ್ಟು, ಒಲೆ ದೀಪಗಳಿಂದ ದೂರ ಕೂತು ಕೆಲಸ ಮಾಡಬೇಕು.

ಸ್ಕ್ರೂಡ್ರೈವರ್ ವಿಷಯದಲ್ಲಿ ಜಿಪುಣತನ ಕೂಡದು. ಜಪಾನಿ ಕ್ಯಾಮೆರಾಗಳ ಕೂಡು ಗುರುತಿನ ತಲೆಯ ಸ್ಕ್ರೂಗಳು ನಾವು ಸಾಮಾನ್ಯವಾಗಿ ಕೊಳ್ಳುವ ಫಿಲಿಪ್ಸ್ ಅಳತೆಯವಲ್ಲ, ಜೆಐಎಸ್ ಎಂಬ ಜಪಾನಿ ಮಾನಕದವು. ನೋಡಲು ಒಂದೇ ತರಹ ಕಂಡರೂ ಫಿಲಿಪ್ಸ್ ಮೊನೆ ಅವುಗಳ ತಳ ಮುಟ್ಟುವುದಿಲ್ಲ. ತಿರುಗಿಸಿದಾಗ ಮೇಲಕ್ಕೆ ಜಾರಿ ಸ್ಕ್ರೂವಿನ ತಲೆ ಸವೆಯುತ್ತದೆ, ಒಮ್ಮೆ ಸವೆದರೆ ಅದನ್ನು ತೆಗೆಯುವುದು ಬಲು ಕಷ್ಟ. ಕೆಲವು ಸ್ಕ್ರೂಗಳು ಅಲುಗದಂತೆ ಕಾರ್ಖಾನೆಯಲ್ಲೇ ಅರಗು ಹಚ್ಚಿರುತ್ತಾರೆ. ಹಲ್ಲುಕಡ್ಡಿಯ ತುದಿಯಿಂದ ಒಂದು ಹನಿ ಅಸಿಟೋನ್ ಇಟ್ಟರೆ ಅದು ಸಡಿಲುತ್ತದೆ. ಅಸಿಟೋನ್ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ ಎಂಬುದು ನೆನಪಿರಲಿ. ಹೊರತೆಗೆದ ಪ್ರತಿ ಸ್ಕ್ರೂವನ್ನು ತೆಗೆದ ಕ್ರಮದಲ್ಲೇ ಬೇರೆ ಬೇರೆ ಗುಳಿಯ ತಟ್ಟೆಯಲ್ಲಿಡಿ, ಪ್ರತಿ ಹಂತದಲ್ಲೂ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಅಕ್ಕಪಕ್ಕದ ಸ್ಕ್ರೂಗಳ ಉದ್ದದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸ ಇರುವುದುಂಟು. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಒಳಗಿನ ಯಾವುದೋ ಭಾಗಕ್ಕೆ ಚುಚ್ಚುತ್ತದೆ.

ಫೋಮ್: ಅಂಟು ತೆಗೆಯುವ ಕೆಲಸ

ಕೆ1000ರಂಥ ಎಸ್‌ಎಲ್‌ಆರ್‌ನಲ್ಲಿ ಫೋಮ್ ಇರುವುದು ಮುಖ್ಯವಾಗಿ ಮೂರು ಕಡೆ. ಹಿಂಬಾಗಿಲು ಕೂರುವ ಮೇಲಿನ ಮತ್ತು ಕೆಳಗಿನ ಕಾಲುವೆಗಳಲ್ಲಿ, ಬಾಗಿಲಿನ ಕೀಲಿನ ಬಳಿ, ಮತ್ತು ಕನ್ನಡಿ ಮೇಲೆದ್ದು ಬಡಿಯುವ ಜಾಗದಲ್ಲಿ. ಪಾಲಿಯುರಿಥೇನ್ ಎಂಬ ಈ ಫೋಮ್ ಗಾಳಿಯ ತೇವವನ್ನು ಹೀರಿಕೊಂಡು ವರ್ಷಗಳ ಮೇಲೆ ವರ್ಷ ತನ್ನೊಳಗೇ ಒಡೆಯುತ್ತ ಹೋಗುತ್ತದೆ. ರಸಾಯನಶಾಸ್ತ್ರದಲ್ಲಿ ಇದನ್ನು ಜಲವಿಭಜನೆ ಎನ್ನುತ್ತಾರೆ. ಕೆಲವು ಕ್ಯಾಮೆರಾಗಳಲ್ಲಿ ಅದು ಅಂಟಾಗುತ್ತದೆ, ಕೆಲವದರಲ್ಲಿ ಪುಡಿಯಾಗುತ್ತದೆ. ಮುಂಗಾರಿನಲ್ಲಿ ಗೋಡೆಯೇ ಬೆವರುವ ಕರಾವಳಿ, ಮಲೆನಾಡುಗಳಲ್ಲಿ ಅಂಟೇ ಹೆಚ್ಚು.

ಇದರ ಪರಿಣಾಮ ಎರಡು ಬಗೆ. ಬಾಗಿಲ ಸಂದಿಯಿಂದ ಬೆಳಕು ನುಸುಳಿ ಚಿತ್ರದ ಮೇಲೆ ಕಿತ್ತಳೆ ಕೆಂಪಿನ ಪಟ್ಟೆಗಳು ಬೀಳುತ್ತವೆ. ಬಣ್ಣದ ಫಿಲ್ಮಿನಲ್ಲಿ ಕೆಂಪಿಗೆ ಸ್ಪಂದಿಸುವ ಪದರ ಎಲ್ಲಕ್ಕಿಂತ ಅಡಿಯಲ್ಲಿರುವುದರಿಂದ, ಹಿಂದಿನಿಂದ ಬರುವ ಬೆಳಕು ಮೊದಲು ತಾಗುವುದು ಅದಕ್ಕೇ. ಇನ್ನೊಂದು, ಕನ್ನಡಿಯ ಮೆತ್ತೆ ಅಂಟಾದರೆ ಮೇಲೆದ್ದ ಕನ್ನಡಿ ಅಲ್ಲೇ ಹಿಡಿದುಕೊಳ್ಳುತ್ತದೆ. ಪುಡಿಯಾದರೆ ಕಪ್ಪು ಚೂರುಗಳು ಫೋಕಸಿಂಗ್ ಪರದೆಯ ಮೇಲೆ ಉದುರಿ ವ್ಯೂಫೈಂಡರ್ ತುಂಬ ಚುಕ್ಕೆಗಳಾಗುತ್ತವೆ.

ಕೆಲಸ ಹೀಗೆ. ಮೊದಲು ಶಟರ್ ಪರದೆಯ ಮೇಲೆ, ಅದಕ್ಕೆ ತಾಗದಂತೆ, ಚೌಕಟ್ಟಿನ ಅಂಚಿಗೆ ಕಾಗದವೊಂದನ್ನು ಮುಚ್ಚಿ ಸುತ್ತ ಹಗುರಾದ ಟೇಪು ಹಚ್ಚಿ. ಅಂಟಿನ ಒಂದು ತುಣುಕು ಪರದೆಯೊಳಗೆ ಬಿದ್ದರೆ ಇದ್ದ ಕಾಯಿಲೆಗಿಂತ ದೊಡ್ಡ ಕಾಯಿಲೆ ತಂದುಕೊಂಡ ಹಾಗೆ. ಹಲ್ಲುಕಡ್ಡಿಯ ತುದಿಯನ್ನು ಉಳಿಯಂತೆ ಚಪ್ಪಟೆಯಾಗಿ ಕೆತ್ತಿಕೊಳ್ಳಿ. ಲೋಹದ ಮೊನೆ ಬೇಡ, ಕಾಲುವೆಯ ಕಪ್ಪು ಬಣ್ಣ ಕಿತ್ತು ಹೊಳೆಯುವ ಲೋಹ ಕಂಡರೆ ಅದೇ ಬೆಳಕನ್ನು ಪ್ರತಿಫಲಿಸುತ್ತದೆ. ಒಣಗಿದ ಭಾಗವನ್ನು ಮೊದಲು ಕೆರೆದು ಬ್ಲೋವರ್‌ನಿಂದ, ಕ್ಯಾಮೆರಾ ಬೋರಲು ಹಿಡಿದು, ಊದಿ ಹೊರಹಾಕಿ. ಉಳಿದ ಅಂಟಿಗೆ ಇಯರ್‌ಬಡ್ಡನ್ನು ಆಲ್ಕೋಹಾಲಿನಲ್ಲಿ ಅದ್ದಿ, ಹಿಂಡಿ, ಒಂದೆರಡು ನಿಮಿಷ ಒತ್ತಿ ಹಿಡಿದರೆ ಅದು ಮೆತ್ತಗಾಗಿ ಎದ್ದು ಬರುತ್ತದೆ. ಬಡ್ ಕಪ್ಪಾಗದೆ ಬರುವವರೆಗೆ ಇದೇ ಕೆಲಸ. ಆಲ್ಕೋಹಾಲ್ ತೊಟ್ಟಿಕ್ಕುವಷ್ಟು ಇರಬಾರದು.

ಹೊಸದಕ್ಕೆ ಕಪ್ಪು ಬಣ್ಣದ, ಒಂದೂವರೆ ಎರಡು ಮಿಲಿಮೀಟರ್ ದಪ್ಪದ ಮುಚ್ಚಿದ ರಂಧ್ರಗಳ ಫೋಮ್ ಹಾಳೆ ಒಳ್ಳೆಯದು. ಕ್ಯಾಮೆರಾ ಮಾದರಿಗೆ ಕತ್ತರಿಸಿದ ಸಿದ್ಧ ಪಟ್ಟಿಗಳೂ ಮಾರಾಟಕ್ಕಿವೆ. ಅದು ಸಿಗದಿದ್ದರೆ ಸಪೂರ ಕಾಲುವೆಗೆ ಸರಿಯಾದ ದಪ್ಪದ ಕಪ್ಪು ಉಣ್ಣೆದಾರವನ್ನು ಒತ್ತಿ ಕೂರಿಸಿದರೂ ಕೆಲಸವಾಗುತ್ತದೆ. ಉಣ್ಣೆಗೆ ಫೋಮಿನಂತೆ ಕರಗುವ ಗುಣವಿಲ್ಲ. ಕೀಲಿನ ಬದಿಗೆ ಕಪ್ಪು ಮಖಮಲ್ಲಿನ ಪಟ್ಟಿ. ಅಂಟುಳ್ಳ ಫೋಮನ್ನು ಕೂರಿಸುವಾಗ ಅಂಟಿನ ಬದಿಗೆ ಒಂದಿಷ್ಟು ನೀರು ಸವರಿಕೊಂಡರೆ ಅದು ತಕ್ಷಣ ಕಚ್ಚಿಕೊಳ್ಳುವುದಿಲ್ಲ. ಚಿಮಟದಿಂದ ಅತ್ತಿತ್ತ ಸರಿಸಿ ನೇರ ಮಾಡಲು ಸಮಯ ಸಿಗುತ್ತದೆ, ನೀರು ಆರಿದ ಮೇಲೆ ಅಂಟು ಹಿಡಿಯುತ್ತದೆ. ಕನ್ನಡಿಯ ಮೆತ್ತೆ ತೀರ ದಪ್ಪವಾಗಬಾರದು, ಕನ್ನಡಿ ಪೂರ್ತಿ ಮೇಲೇಳದೆ ಚಿತ್ರದ ಅಂಚು ಕತ್ತರಿಸಿಹೋಗುತ್ತದೆ.

ಎಸ್‌ಎಲ್‌ಆರ್ ಕನ್ನಡಿಯ ಮೈಗೆ ಮಾತ್ರ ಕೈ ತಾಗಿಸಬೇಡಿ. ಮನೆಯ ಕನ್ನಡಿಗೆ ರಸ ಹಚ್ಚಿರುವುದು ಗಾಜಿನ ಹಿಂದೆ, ಇದಕ್ಕೆ ಮುಂದೆ. ಒರೆಸಿದರೆ ಗೀರು ಖಂಡಿತ. ಅದಕ್ಕೂ ಪ್ಲಾಸ್ಟಿಕ್ಕಿನ ಫೋಕಸಿಂಗ್ ಪರದೆಗೂ ಬ್ಲೋವರಿನ ಗಾಳಿಯೇ ಸಾಕು, ಯಾವ ದ್ರವವೂ ಸಲ್ಲದು. ಅಲ್ಲಿ ಉಳಿದ ಒಂದೆರಡು ಚುಕ್ಕೆಗಳು ಕಣ್ಣಿಗೆ ಕಾಣುತ್ತವೆಯೇ ಹೊರತು ಫಿಲ್ಮಿನ ಮೇಲೆ ಮೂಡುವುದಿಲ್ಲ.

ಫಂಗಸ್: ಮಳೆನಾಡಿನ ಶತ್ರು

ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಆಗುಂಬೆಯಂಥ ಊರಿನಲ್ಲಿ ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುತ್ತದೆ. ಲೆನ್ಸಿಗೆ ಹಿಡಿಯುವುದೂ ಅದರ ಬಳಗದ್ದೇ. ಫಂಗಸ್‌ನ ಬೀಜಾಣುಗಳು ಗಾಳಿಯಲ್ಲಿ ಎಲ್ಲೆಡೆ ಇವೆ. ಗಾಜಿನ ಮೇಲಿನ ದೂಳು, ಬೆರಳಿನ ಜಿಡ್ಡು, ಗ್ರೀಸಿನ ಆವಿ ಅದಕ್ಕೆ ಆಹಾರ. ಕತ್ತಲೆ, ನಿಂತ ಗಾಳಿ, ಶೇಕಡಾ 60–70 ಮೀರಿದ ತೇವ, ಇಷ್ಟು ಒದಗಿದರೆ ಅದು ಎಳೆ ಬಿಡಲು ಶುರು ಮಾಡುತ್ತದೆ. ಬರೀ ಗಾಜಿನ ಮೇಲೆ ಕೂತಿದ್ದರೆ ಒರೆಸಿಬಿಡಬಹುದಿತ್ತು. ಆದರೆ ಅದು ಬೆಳೆಯುತ್ತ ಆಮ್ಲ ಸ್ರವಿಸುತ್ತದೆ, ಆ ಆಮ್ಲ ಮೊದಲು ಲೆನ್ಸಿನ ಲೇಪವನ್ನು, ಮುಂದೆ ಗಾಜನ್ನೇ ಕೊರೆಯುತ್ತದೆ. ಆದ್ದರಿಂದ ಫಂಗಸ್ ವಿಷಯದಲ್ಲಿ ತಡ ಮಾಡಿದಷ್ಟೂ ನಷ್ಟ.

ಹೊರಗಿನ ಗಾಜಿನ ಮೇಲಿದ್ದರೆ ಕೆಲಸ ಸುಲಭ. ಮೊದಲು ಬ್ಲೋವರಿನಿಂದ ಮರಳಿನ ಕಣಗಳನ್ನು ಹಾರಿಸಬೇಕು. ಬಾಯಿಂದ ಊದಬಾರದು, ಉಗುಳಿನ ಹನಿ ಮುಂದಿನ ಫಂಗಸ್‌ಗೆ ಊಟ. ಪಂಚೆಯ ಚುಂಗು, ಸೀರೆಯ ಸೆರಗು ಕೂಡ ದೂರವಿರಲಿ. ಲೆನ್ಸ್ ಕಾಗದಕ್ಕೆ ಒಂದೆರಡು ಹನಿ ಆಲ್ಕೋಹಾಲ್ ಹಾಕಿ, ನಡುವಿನಿಂದ ಅಂಚಿನತ್ತ ಸುರುಳಿ ಸುತ್ತುತ್ತ ಹಗುರವಾಗಿ ಒರೆಸಿ. ದ್ರವವನ್ನು ಎಂದೂ ನೇರ ಗಾಜಿನ ಮೇಲೆ ಸುರಿಯಬಾರದು, ಅಂಚಿನಿಂದ ಒಳಗಿಳಿಯುತ್ತದೆ. ಹಟಮಾರಿ ಫಂಗಸ್‌ಗೆ ಔಷಧಿ ಅಂಗಡಿಯಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡನ್ನು ಶೇಕಡಾ 3ಕ್ಕೆ ತೆಳುಮಾಡಿ, ಅಷ್ಟೇ ಪ್ರಮಾಣದ ತೆಳು ಅಮೋನಿಯಾ ಬೆರೆಸಿ ಬಳಸುವ ರೂಢಿ ಹಳೆಯ ರಿಪೇರಿಗಾರರಲ್ಲಿದೆ. ಕೈಗವಸು ಹಾಕಿಕೊಂಡು, ಗಾಳಿಯಾಡುವ ಕಡೆ, ಆಗಿಂದಾಗ ಬೇಕಾದಷ್ಟೇ ಬೆರೆಸಿಕೊಳ್ಳಬೇಕು. ಮುಚ್ಚಳ ಹಾಕಿ ಎತ್ತಿಡಬಾರದು. ಅಮೋನಿಯಾವನ್ನು ಮನೆಯ ಬ್ಲೀಚಿಂಗ್ ದ್ರಾವಣದ ಹತ್ತಿರವೂ ತರಬಾರದು, ಎರಡೂ ಸೇರಿದರೆ ವಿಷಾನಿಲ ಹುಟ್ಟುತ್ತದೆ.

ಫಂಗಸ್ ಒಳಗಿನ ಗಾಜಿನ ಮೇಲಿದ್ದರೆ ಮುಂದಿನ ಹೆಸರಿನ ಬಳೆಯನ್ನು ರಬ್ಬರ್ ತುಂಡೊಂದನ್ನು ಒತ್ತಿ ತಿರುಗಿಸಿ ಬಿಚ್ಚಬೇಕಾಗುತ್ತದೆ, ಅದರ ಕೆಳಗಿನ ಬಳೆಗಳಿಗೆ ಎರಡು ಮೊನೆಯ ಲೆನ್ಸ್ ಸ್ಪ್ಯಾನರ್ ಬೇಕು. ಗಾಜುಗಳನ್ನು ತೆಗೆಯುವಾಗ ಯಾವ ಬದಿ ಮೇಲಿತ್ತು ಎಂದು ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಎರಡು ಗಾಜುಗಳನ್ನು ಅಂಟಿಸಿದ ಜೋಡಿಯ ನಡುವೆ ಫಂಗಸ್ ಹೊಕ್ಕಿದ್ದರೆ ಅದು ಮನೆಯ ಕೆಲಸವಲ್ಲ. ಲೇಪಕ್ಕೆ ಬಿದ್ದ ತೆಳು ಕಲೆಯೂ ಹೋಗುವುದಿಲ್ಲ. ಅದರ ಬಗ್ಗೆ ಕೊರಗಬೇಕಾಗಿಯೂ ಇಲ್ಲ. ಬೆಳಕಿಗೆದುರಾಗಿ ತೆಗೆದಾಗ ಚಿತ್ರ ಒಂದಿಷ್ಟು ಮಸುಕಾಗಬಹುದು, ಉಳಿದಂತೆ ಲೆನ್ಸ್ ತನ್ನ ಕೆಲಸ ತಾನು ಮಾಡುತ್ತದೆ.

ಲೆನ್ಸ್ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದು ಫಂಗಸ್ ಅಲ್ಲ. ಸೂಪರ್ ಟಾಕುಮಾರ್ 50 ಮಿ.ಮೀ. ಎಫ್/1.4ರಂಥ ಕೆಲವು ಹಳೆಯ ಲೆನ್ಸುಗಳ ಗಾಜಿನಲ್ಲಿ ಥೋರಿಯಂ ಬೆರೆಸುತ್ತಿದ್ದರು. ಅದರ ವಿಕಿರಣದಿಂದ ಗಾಜೇ ನಿಧಾನವಾಗಿ ಹಳದಿಯಾಗುತ್ತದೆ. ಅಂಥ ಲೆನ್ಸನ್ನು ಕೆಲವು ದಿನ ನೇರಳಾತೀತ ದೀಪದ ಕೆಳಗಿಟ್ಟರೆ ಹಳದಿ ಇಳಿಯುತ್ತದೆ. ಬಿಸಿಲಿಗಿಡುವುದಾದರೆ ಕಾವಲಿರಬೇಕು, ಲೆನ್ಸು ಬಿಸಿಲನ್ನು ಒಂದೆಡೆ ಕೂಡಿಸಿ ಬೆಂಕಿ ಹಚ್ಚಬಲ್ಲದು.

ಗ್ರೀಸು ಮತ್ತು ಶಟರ್: ಎಲ್ಲಿ ನಿಲ್ಲಬೇಕು

ವರ್ಷಗಟ್ಟಲೆ ಅಲುಗದೆ ಕೂತ ಗ್ರೀಸಿನಿಂದ ತೆಳು ಎಣ್ಣೆ ಬೇರ್ಪಟ್ಟು ಹರಿಯುತ್ತದೆ, ಉಳಿದದ್ದು ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಫೋಕಸ್ ಬಳೆಯನ್ನು ಹಿಡಿಯುತ್ತದೆ. ಹರಿದದ್ದು ಅಪರ್ಚರ್ ಎಲೆಗಳ ಮೇಲೆ ಕೂತು ಅವನ್ನು ಒಂದಕ್ಕೊಂದು ಅಂಟಿಸುತ್ತದೆ. ಶಟರಿನ ನಿಧಾನ ವೇಗಗಳನ್ನು ನಡೆಸುವ ಪುಟ್ಟ ಹಲ್ಲುಚಕ್ರಗಳಲ್ಲೂ ಇದೇ ಕಥೆ. ಒಂದು ಸೆಕೆಂಡು ಮೂರು ಸೆಕೆಂಡಾಗುವುದು, ನಡುವೆ ನಿಂತುಬಿಡುವುದು ಇದರಿಂದಲೇ.

ಮೊದಲ ಮದ್ದು ವ್ಯಾಯಾಮ. ಪ್ರತಿ ವೇಗದಲ್ಲೂ ಮತ್ತೆ ಮತ್ತೆ ಲಿವರ್ ಎಳೆದು ಶಟರ್ ಒತ್ತಿ, ಕೆಲವು ದಿನ ಇದನ್ನೇ ಮಾಡಿ. ಎಷ್ಟೋ ಶಟರುಗಳು ಇಷ್ಟರಿಂದಲೇ ಸರಿದಾರಿಗೆ ಬರುತ್ತವೆ. ಇದಕ್ಕೆ ಬಗ್ಗದಿದ್ದರೆ ಕೆ1000ರ ಅಡಿಯ ತಟ್ಟೆ ಬಿಚ್ಚಿ, ದೂಳು ಊದಿ, ಹೊರಗೆ ಕಾಣುವ ಚಕ್ರದ ಕೀಲಿಗೆ ಸೂಜಿಮೊನೆಯಲ್ಲಿ ಕಡುಸಣ್ಣ ಹನಿ ಗಡಿಯಾರದ ಎಣ್ಣೆ ಇಡಬಹುದು. ಅಲ್ಲಿಗೆ ನಮ್ಮ ಗಡಿ. ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಇವುಗಳನ್ನು ಕ್ಯಾಮೆರಾದೊಳಗೆ ಬಿಟ್ಟರೆ ಎರಡು ದಿನ ಎಲ್ಲ ಸಲೀಸಾಗಿ ಓಡಿ, ಮೂರನೆಯ ತಿಂಗಳಿಗೆ ಎಣ್ಣೆ ಪರದೆಗೂ ಲೆನ್ಸಿಗೂ ಹಬ್ಬಿರುತ್ತದೆ. ಅಪರ್ಚರ್ ಎಲೆಗಳು, ಲೆನ್ಸಿನೊಳಗೇ ಶಟರ್ ಇರುವ ಯಾಶಿಕಾ ಮ್ಯಾಟ್‌ನಂಥವುಗಳ ಶಟರ್ ಎಲೆಗಳು ಪೂರ್ತಿ ಒಣಗಿರಬೇಕು. ಅವುಗಳಿಗೆ ಇಯರ್‌ಬಡ್ಡಿನಲ್ಲಿ ಲೈಟರ್ ದ್ರವದ ತೆಳು ಸವರುವಿಕೆ, ಎಲೆ ಆಡಿಸುವುದು, ಆರಲು ಬಿಡುವುದು, ಮತ್ತೆ ಸವರುವುದು. ಎಣ್ಣೆ ಮಾತ್ರ ಎಂದೂ ಬೇಡ.

ಬಿಗಿಯಾದ ಫೋಕಸ್ ಬಳೆಯ ಒಳಗಿರುವ ತಿರುಪು ಮಾಮೂಲಿ ಸ್ಕ್ರೂವಿನದ್ದಲ್ಲ. ಅದಕ್ಕೆ ಹಲವು ಪ್ರವೇಶಗಳಿವೆ. ಬಿಚ್ಚಿ ಮತ್ತೆ ಜೋಡಿಸುವಾಗ ಮೊದಲಿದ್ದ ಪ್ರವೇಶಕ್ಕೇ ಕೂರಿಸದಿದ್ದರೆ ದೂರದ ಬೆಟ್ಟ ಎಂದೂ ಸ್ಪಷ್ಟವಾಗುವುದಿಲ್ಲ. ಈ ಕೆಲಸವನ್ನೂ, ಪರದೆಗಳ ಸ್ಪ್ರಿಂಗ್ ಬಿಗಿ ಸರಿಮಾಡುವ ಕೆಲಸವನ್ನೂ ಬಲ್ಲ ರಿಪೇರಿಗಾರರಿಗೆ ಬಿಡಬೇಕು. ಅಂಥ ಕೈಗಳು ದೊಡ್ಡ ಊರುಗಳಲ್ಲಿ ಇನ್ನೂ ಕೆಲವಿವೆ. ಅವರಿಗೆ ಕೆಲಸ ಕೊಟ್ಟರೆ ಮಾತ್ರ ಆ ವಿದ್ಯೆ ಉಳಿಯುತ್ತದೆ, ಆದ್ದರಿಂದ ಸಂಕೋಚವಿಲ್ಲದೆ ಕೊಂಡೊಯ್ಯಿರಿ.

ಬ್ಯಾಟರಿ ಮತ್ತು ಮೇಲ್ಮೈ

ಬ್ಯಾಟರಿ ಗೂಡಿನಲ್ಲಿ ಬಿಳಿ ಅಥವಾ ಹಸಿರು ಉಬ್ಬಿದ ಪುಡಿ ಇದ್ದರೆ ಮರೆತ ಸೆಲ್ಲು ಸೋರಿದೆ. ಆಲ್ಕಲೈನ್ ಸೆಲ್ಲಿನಿಂದ ಸೋರುವುದು ಕ್ಷಾರ. ಆದ್ದರಿಂದ ಇಯರ್‌ಬಡ್ಡಿನ ತುದಿಗೆ ವಿನಿಗರ್ ತಾಗಿಸಿ ಒತ್ತಿದರೆ ಅದು ಅಳಿಯುತ್ತದೆ. ಆಮೇಲೆ ಆಲ್ಕೋಹಾಲಿನಿಂದ ಒರೆಸಿ, ಒಣಗಿದ ಮೇಲೆ ಲೋಹದ ಬಿಂದುವನ್ನು ಪೆನ್ಸಿಲ್ ರಬ್ಬರಿನಿಂದ ಹೊಳಪು ಬರುವಂತೆ ಉಜ್ಜಿ. ಕೆ1000ಕ್ಕೆ ಬೇಕಾದ ಎಲ್‌ಆರ್44 ಗಾತ್ರದ ಸೆಲ್ಲು ಎಲ್ಲ ಗಡಿಯಾರದಂಗಡಿಯಲ್ಲೂ ಸಿಗುತ್ತದೆ. ಈ ಕ್ಯಾಮೆರಾದ ಮೀಟರಿಗೆ ಸ್ವಿಚ್ಚೇ ಇಲ್ಲ. ಬಳಸದಾಗ ಲೆನ್ಸಿಗೆ ಮುಚ್ಚಳ ಹಾಕಿಡಬೇಕು, ಕತ್ತಲಲ್ಲಿ ಕರೆಂಟು ಹರಿಯುವುದು ನಗಣ್ಯ.

ಕೆ1000ಕ್ಕಿಂತ ಹಳೆಯ ಅನೇಕ ಕ್ಯಾಮೆರಾಗಳು 1.35 ವೋಲ್ಟಿನ ಪಾದರಸದ ಸೆಲ್ಲಿಗೆ ತಯಾರಾದಂಥವು. ಪಾದರಸ ವಿಷವೆಂದು ಅವುಗಳ ತಯಾರಿಕೆ ನಿಂತಿದೆ. ಅದರ ಜಾಗದಲ್ಲಿ 1.5 ವೋಲ್ಟಿನ ಸೆಲ್ಲು ಹಾಕಿದರೆ ಮೀಟರ್ ತಪ್ಪು ಹೇಳಬಹುದು. ಕಿವಿಯ ಶ್ರವಣಯಂತ್ರಕ್ಕೆ ಹಾಕುವ 675 ಸಂಖ್ಯೆಯ ಸತು–ಗಾಳಿ ಸೆಲ್ಲು ಸುಮಾರು 1.4 ವೋಲ್ಟ್ ಕೊಡುತ್ತದೆ, ಬಾಳಿಕೆ ಕಡಿಮೆಯಾದರೂ ಅಳತೆ ಹೊಂದುತ್ತದೆ.

ಹೊರಮೈಗೆ ಹೆಚ್ಚು ಕೆಲಸವಿಲ್ಲ. ಒದ್ದೆ ಮಾಡಿ ಹಿಂಡಿದ ಬಟ್ಟೆಗೆ ಸೋಪಿನ ಒಂದು ಹನಿ, ಮೂಲೆಗಳಿಗೆ ಮೆತ್ತನೆಯ ಹಲ್ಲುಜ್ಜುವ ಬ್ರಷ್. ಕಪ್ಪು ಹೊದಿಕೆ ಎದ್ದಿದ್ದರೆ ಅದರ ಕೆಳಗಿನ ಒಣಗೋಂದನ್ನು ಕೆರೆದು ಕಾಂಟ್ಯಾಕ್ಟ್ ಅಂಟಿನ ತೆಳು ಲೇಪ ಹಚ್ಚಿ ಒತ್ತಬೇಕು. ಹೊದಿಕೆಯಡಿ ಸಣ್ಣ ಗುಳ್ಳೆಗಳಂತೆ ಉಬ್ಬಿದ್ದರೆ ಅಲ್ಲಿ ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿದೆ. ಅಂಚಿನಲ್ಲಿ ಬಣ್ಣ ಸವೆದು ಹಿತ್ತಾಳೆ ಹೊಳೆಯುತ್ತಿದ್ದರೆ ಹಾಗೆಯೇ ಬಿಡಿ. ಹಿಂದೆ ಹಿಡಿದವರ ಬೆರಳುಗಳು ಸವೆಸಿದ್ದು ಅದು, ಅದನ್ನು ಅಳಿಸಿ ಹೊಸತಾಗಿಸುವುದು ನನ್ನ ಮಟ್ಟಿಗೆ ಜೀರ್ಣೋದ್ಧಾರ ಅಲ್ಲ.

ಪರೀಕ್ಷೆಯ ರೋಲು

ಕೆಲಸ ಮುಗಿದಿದೆಯೇ ಎಂದು ಹೇಳುವುದು ಫಿಲ್ಮ್ ಮಾತ್ರ. ಕೊಡಾಕ್, ಇಲ್ಫೋರ್ಡ್ ಕಂಪನಿಗಳ ರೋಲುಗಳು ಇಂದಿಗೂ ಸಿಗುತ್ತವೆ. ಒಂದನ್ನು ಪರೀಕ್ಷೆಗೆಂದೇ ಮೀಸಲಿಡಿ. ತೆಳು ಮೋಡದ ದಿನ, ಬೆಳಕು ಬದಲಾಗದ ಹೊತ್ತಿನಲ್ಲಿ, ಒಂದೇ ಗೋಡೆಯನ್ನು ಬೇರೆ ಬೇರೆ ಜೋಡಿಗಳಲ್ಲಿ ತೆಗೆಯಿರಿ: 1/60ಕ್ಕೆ ಎಫ್/16, 1/125ಕ್ಕೆ ಎಫ್/11, 1/250ಕ್ಕೆ ಎಫ್/8, 1/500ಕ್ಕೆ ಎಫ್/5.6, 1/1000ಕ್ಕೆ ಎಫ್/4. ಐದರಲ್ಲೂ ಫಿಲ್ಮಿಗೆ ಬೀಳುವ ಬೆಳಕು ಒಂದೇ. ಹಾಗಾಗಿ ಐದು ನೆಗೆಟಿವ್‌ಗಳೂ ಒಂದೇ ಕಪ್ಪಿನವಾಗಿರಬೇಕು. ಒಂದು ಹೆಚ್ಚು ಕಪ್ಪಾಗಿದ್ದರೆ ಆ ವೇಗ ನಿಧಾನವಾಗಿದೆ ಎಂದು ತಿಳಿಯಿರಿ. ಬಳಿಕ ಬಿಸಿಲಿನಲ್ಲಿ ಕ್ಯಾಮೆರಾವನ್ನು ಒಂದಷ್ಟು ಹೊತ್ತು ಇಟ್ಟು ಮುಂದಿನ ಚಿತ್ರ ತೆಗೆಯಿರಿ, ಬೆಳಕಿನ ಸೋರಿಕೆಯಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ.

ಪಟ್ಟೆ ಕಂಡರೆ ಅದು ಎಲ್ಲಿಂದ ಬಂತೆಂದು ಚಿತ್ರವೇ ಹೇಳುತ್ತದೆ. ಫಿಲ್ಮಿನ ಮೇಲೆ ದೃಶ್ಯ ತಲೆಕೆಳಗಾಗಿ, ಎಡಬಲ ಅದಲುಬದಲಾಗಿ ಬೀಳುವುದರಿಂದ, ಚಿತ್ರದ ಕೆಳಅಂಚಿನಲ್ಲಿ ಪಟ್ಟೆಯಿದ್ದರೆ ಸೋರುತ್ತಿರುವುದು ಮೇಲಿನ ಕಾಲುವೆ. ಎಡಬದಿಯಲ್ಲಿದ್ದರೆ, ಹಿಂದಿನಿಂದ ನೋಡಿದಾಗ ಬಲಕ್ಕಿರುವ ಕೀಲಿನ ಸಂದಿ. ಪ್ರತಿ ಚಿತ್ರದಲ್ಲೂ ಒಂದೇ ಜಾಗದಲ್ಲಿ ಚುಕ್ಕೆ ಬಿದ್ದರೆ ಪರದೆಯಲ್ಲಿ ತೂತಿದೆ. ಎಲ್ಲ ಸರಿಯಿದ್ದು ಗೋಡೆಯ ಗಾರೆಯ ಗೆರೆಗಳು ಚೂಪಾಗಿ ಮೂಡಿದ್ದರೆ ಕ್ಯಾಮೆರಾ ದುಡಿಮೆಗೆ ಸಿದ್ಧ.

ಮತ್ತೆ ಕೆಡದಂತೆ

ಇಷ್ಟು ಮಾಡಿ ಶೋಕೇಸಿನಲ್ಲಿಟ್ಟರೆ ಪಟ್ಟ ಪಾಡೆಲ್ಲ ವ್ಯರ್ಥ. ಚರ್ಮದ ಚೀಲ ತೇವ ಹೀರುತ್ತದೆ, ಅದರಲ್ಲಿ ಕ್ಯಾಮೆರಾ ಇಡಬೇಡಿ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್ ಚೀಲ, ಅಗ್ಗದ ತೇವಮಾಪಕ ಸಾಕು. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. ಬಣ್ಣ ಬದಲಿಸುವ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದಾಗ ಹಗುರವಾಗಿ ಬಿಸಿ ಮಾಡಿದರೆ ತೇವ ಬಿಟ್ಟು ಮತ್ತೆ ಕೆಲಸಕ್ಕೆ ಬರುತ್ತದೆ. ನುಸಿಗುಳಿಗೆ ತೇವ ಹೀರುವುದಿಲ್ಲ, ಅದನ್ನು ನಂಬಿ ಕೂರಬೇಡಿ. ಎಲ್ಲಕ್ಕಿಂತ ದೊಡ್ಡ ಆರೈಕೆ ಬಳಕೆ. ತಿಂಗಳಿಗೊಮ್ಮೆ ಹೊರತೆಗೆದು, ಎಲ್ಲ ವೇಗಗಳಲ್ಲಿ ಶಟರ್ ಓಡಿಸಿ, ಬಳೆಗಳನ್ನು ತಿರುಗಿಸಿ, ಲೆನ್ಸಿಗೆ ಬೆಳಕು ಗಾಳಿ ತೋರಿಸಬೇಕು. ಓಡಾಡುವ ಗ್ರೀಸು ಗಟ್ಟಿಯಾಗುವುದು ನಿಧಾನ, ಬೆಳಕು ಕಾಣುವ ಗಾಜಿನ ಮೇಲೆ ಫಂಗಸ್ ಬೆಳೆಯುವುದು ಕಡಿಮೆ.

ಪೆಂಟಾಕ್ಸ್ 2024ರಲ್ಲಿ ಕೈಯಿಂದ ಲಿವರ್ ಎಳೆಯುವ ಹೊಸ ಫಿಲ್ಮ್ ಕ್ಯಾಮೆರಾವೊಂದನ್ನು, ಪೆಂಟಾಕ್ಸ್ 17 ಹೆಸರಿನಲ್ಲಿ, ಮಾರುಕಟ್ಟೆಗೆ ತಂದಿತು. ಫಿಲ್ಮಿನ ಮೇಲಿನ ಒಲವು ಮುಗಿದಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಹೊಸದನ್ನು ಕೊಳ್ಳುವವರು ಕೊಳ್ಳಲಿ. ಆದರೆ ನಮ್ಮ ಮನೆಗಳಲ್ಲಿ ಈಗಾಗಲೇ ಇರುವ ಕ್ಯಾಮೆರಾಗಳು ಸ್ಕ್ರೂ ಹಾಕಿ ಕಟ್ಟಿದಂಥವು. ಬಿಚ್ಚಿ ಶುಚಿ ಮಾಡಿ ಮತ್ತೆ ಜೋಡಿಸಲಿ ಎಂಬ ಉದ್ದೇಶ ಅವುಗಳ ರಚನೆಯಲ್ಲೇ ಇದೆ. ಕೆಡುವ ಭಾಗಗಳು ಅಗ್ಗದವು, ಬದಲಿಸಬಹುದಾದಂಥವು. ಬೆಲೆಬಾಳುವ ಗಾಜು ಲೋಹಗಳು ಹಾಗೆಯೇ ಉಳಿಯುವಂಥವು. ಇಂಥ ವಸ್ತುವನ್ನು ಕೆಟ್ಟಿದೆಯೆಂದು ಗುಜರಿಗೆ ಹಾಕುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಕೆಲಸ ಮುಗಿದ ದಿನ ಒಂದು ಚೀಟಿ ಬರೆದು ಕ್ಯಾಮೆರಾದ ಡಬ್ಬಿಯಲ್ಲಿಡಿ. ಯಾವ ವರ್ಷ ಏನು ಬದಲಿಸಿದಿರಿ, ಯಾವ ವೇಗ ತುಸು ನಿಧಾನ, ಯಾವ ಗಾಜಿನ ಮೇಲೆ ಕಲೆ ಉಳಿದಿದೆ, ಯಾವ ಸ್ಕ್ರೂವಿನ ತಲೆ ಮೊದಲೇ ಸವೆದಿತ್ತು, ಎಲ್ಲವನ್ನೂ ಬರೆಯಿರಿ. ಯಾಂತ್ರಿಕ ಕ್ಯಾಮೆರಾ ಒಬ್ಬರ ಆಯುಷ್ಯಕ್ಕಿಂತ ಹೆಚ್ಚು ಬಾಳುತ್ತದೆ. ನಾಳೆ ಅದನ್ನು ಬಿಚ್ಚುವವರು ನಿಮ್ಮ ಮಗಳಾಗಿರಬಹುದು, ಗುರುತಿಲ್ಲದ ಯಾರೋ ಹವ್ಯಾಸಿಯಾಗಿರಬಹುದು. ಅವರು ಶುರು ಮಾಡಬೇಕಾದದ್ದು ನೀವು ನಿಲ್ಲಿಸಿದಲ್ಲಿಂದ, ಅದಕ್ಕೆ ಆ ಚೀಟಿ ಬೇಕು.